ಕೂಸಿನ ಬಲರಟ್ಟೆ

ಮಕ್ತಲ
೪ ಜೂನ್ ೨೦೧೪

ಗದ್ವಾಲದ ಗಂಗಕ್ಕನಿಗೆ ಮಕ್ತಲದ ತಂಗಿ ಚನ್ನವೀರಮ್ಮನ ಶರಣು.

ನಿನ್ನ ಕಿವಿ ನೆಟ್ಟಗಿದ್ದಿದ್ದರೆ ಫೋನಿನಲ್ಲೇ ಕೂಗಿ ಹೇಳುತ್ತಿದ್ದೆ. ಈಗ ಬರೆಯದೆ ದಾರಿಯಿಲ್ಲ. ನಿಂತು ಓದಬೇಡ, ಕೂತು ಓದು. ನಾನು ಅಜ್ಜಿಯಾದೆ, ನೀನು ದೊಡ್ಡಜ್ಜಿಯಾದೆ. ಮದುವೆಯಾಗಿ ಏಳು ವರ್ಷಕ್ಕೆ ನಮ್ಮ ಐಶ್ವರ್ಯ ಹೆಣ್ಣುಕೂಸು ಹೆತ್ತಳು.

ಹೆತ್ತ ದಿನ ಯಾವುದು ಗೊತ್ತೇನು, ಜೂನ್ ಎರಡು. ಬೆಳಗಿನ ಆರೂವರೆ. ನಾರಾಯಣಪೇಟೆಯಲ್ಲಿ ದವಾಖಾನೆಯ ಹೊರಗೆ ಹೊಸ ರಾಜ್ಯ ಬಂತೆಂದು ಜನ ಪಟಾಕಿ ಹೊಡೆದು ಗುಲಾಲು ಎರಚಿ ಕುಣಿಯುತ್ತಿದ್ದರು, ಒಳಗೆ ಕೂಸು ಕಿಟಾರನೆ ಕಿರುಚಿತು. ಆ ಗದ್ದಲದಲ್ಲಿ ನಮ್ಮ ಮನೆಯವರಿಗೆ ಏನೂ ಕೇಳಿಸಿಲ್ಲ. ಆಯಾ ಬುಗ್ಗಮ್ಮ ಹೊರಗೆ ಹೋಗಿ 'ಆಡಪಿಲ್ಲ ಪುಟ್ಟಿಂದಯ್ಯಾ' ಎಂದು ತೆಲುಗಿನಲ್ಲಿ ಹೆಣ್ಣುಕೂಸಿನ ಸುದ್ದಿ ಹೇಳಿದಾಗ ಇವರ ಮುಖದ ತುಂಬ ಯಾರೋ ಎರಚಿದ ಗುಲಾಲು. ಹಾಗೇ ಅತ್ತರಂತೆ. ಒಳಗೆ ಬಂದಾಗ ಕೆನ್ನೆಯ ಮೇಲೆ ಎರಡು ಗೆರೆ ಇಳಿದಿದ್ದವು, ನಾನು ನೋಡಿ ನಕ್ಕುಬಿಟ್ಟೆ.

ಈಗ ಸಿಟ್ಟಿನ ಮಾತಿಗೆ ಬರುತ್ತೇನೆ. ಮೂರು ವಾರ ಮುಂಚೆ ಹುಟ್ಟಿದ್ದಕ್ಕೆ ಕೂಸನ್ನು ಎರಡು ದಿನ ಅಲ್ಲೇ ಇಟ್ಟುಕೊಂಡರು. ಅಲ್ಲಿ ರೇಷ್ಮಾ ಎಂಬ ನರ್ಸು ಇದ್ದಾಳೆ, ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ನನ್ನ ಹೆಬ್ಬೆರಳಿನಷ್ಟು ಅಗಲದ ಪಟ್ಟಿಯನ್ನು ಕೂಸಿನ ಬಲರಟ್ಟೆಗೆ ಸುತ್ತಿದಳು, ಮಷಿನು ನೋಡಿದಳು, ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ನನ್ನ ಮುಖ ನೋಡಿ 'ಅಮ್ಮಾ, ಕೂಸಿಗೆ ಬಿಪಿ ಜಾಸ್ತಿ ಐತಿರಿ' ಅಂದಳು. ನೂರಾ ಆರಂತೆ. 'ಏ ತಂಗಿ, ಬಿಪಿ ಇರೋದು ನನಗ. ನಿನ್ನ ಮಷಿನಿಗೆ ಅಜ್ಜಿ ಯಾರು ಮಮ್ಮಗಳು ಯಾರು ಅಂತ ಗುರುತು ಹಿಡಿಯಾಕ ಬರಂಗಿಲ್ಲೇನು' ಅಂದೆ. ಸುತ್ತ ಇದ್ದ ಬಾಣಂತಿಯರೆಲ್ಲ ನಕ್ಕರು. ಅವಳೊಬ್ಬಳು ನಗಲಿಲ್ಲ.

ಡಾಕ್ಟರು, ಪ್ರತಿ ಸೋಮವಾರ ಕರೆತಂದು ಬಿಪಿ ನೋಡಿಸಿ, ಇಳಿಯದಿದ್ದರೆ ಹೈದರಾಬಾದಿಗೆ ಚೀಟಿ ಬರೆದುಕೊಡುತ್ತೇನೆ ಎಂದಿದ್ದಾರೆ. ಮೂವತ್ತಾರು ವರ್ಷ ಸರಕಾರಿ ನರ್ಸಾಗಿದ್ದವಳು ನೀನು, ಹೇಳು. ಹಾಲುಗೂಸಿಗೆ ಎಲ್ಲಾದರೂ ಬಿಪಿ ಬರುತ್ತದೆಯೇ? ಅದಕ್ಕೇನು ಮನೆ ಚಿಂತೆಯೇ, ಸಾಲದ ಚಿಂತೆಯೇ?

ಬೇಗ ಬಾ. ಕೂಸಿಗೆ ನಿನ್ನದೇ ಮೂಗು.

ನಿನ್ನ ಚನ್ನಿ


ಗದ್ವಾಲ
೭ ಜೂನ್ ೨೦೧೪

ಪ್ರೀತಿಯ ಚನ್ನಿ,

ನಿನ್ನ ಪತ್ರವನ್ನು ಕೂತೇ ಓದಿದೆ, ಓದಿದ ಮೇಲೆ ಕೂತಿರಲಾಗಲಿಲ್ಲ. ಪಕ್ಕದ ಮನೆಯ ಹಂಪಮ್ಮನನ್ನು ಕರೆದು ಅವಳಿಗೆ ಕೇಳಲಿ ಎಂದು ಜೋರಾಗಿ ಓದಿದೆ. ಎಷ್ಟು ಜೋರಾಗಿ ಎಂದು ನನಗೆ ತಿಳಿಯುವುದಿಲ್ಲವಲ್ಲ, ಬೀದಿಯವರೆಲ್ಲ ಬಂದು ಸೇರಿದ್ದರು. ಐಶ್ವರ್ಯಳಿಗೆ ನನ್ನ ಪರವಾಗಿ ತಲೆ ಸವರು. ಮೂಗಿನ ವಿಷಯಕ್ಕೆ ಪಾಪ ಆ ಕೂಸಿನ ಕ್ಷಮೆ ಕೇಳುತ್ತೇನೆ.

ಬಿಪಿ ಕೂಸುಗಳಿಗೂ ಬರುತ್ತದೆ, ಚನ್ನಿ. ಅಪರೂಪ, ಆದರೆ ಬರುತ್ತದೆ. ಅದು ಚಿಂತೆಯಿಂದ ಬರುವುದಲ್ಲ. ಕೆಲವು ಕೂಸುಗಳಿಗೆ ಮೂತ್ರಪಿಂಡದಲ್ಲಿ ತೊಂದರೆಯಿರುತ್ತದೆ, ಕೆಲವಕ್ಕೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿರುತ್ತದೆ. ಎಷ್ಟೋ ಸಲ ಏನೂ ಇರುವುದಿಲ್ಲ, ಅಳುವಾಗ ಅಳೆದಿರುತ್ತಾರೆ ಅಷ್ಟೇ. ನನಗನ್ನಿಸುವುದು ಇದೂ ಹಾಗೇ, ಹೊರಗಿನ ಪಟಾಕಿಗೆ ಬೆಚ್ಚಿರಬೇಕು. ಆದರೂ ಸೋಮವಾರ ತಪ್ಪಿಸಬೇಡ. ಹಾಲು ಕುಡಿದು ಮಲಗಿದಾಗ ಅಳೆಸು. ಆ ಹುಡುಗಿಯೊಂದಿಗೆ ಜಗಳವಾಡಬೇಡ. ಎರಡೆರಡು ಸಲ ಅಳೆದು ನೋಡಿದಳೆಂದರೆ ಕೆಲಸ ಬಲ್ಲವಳು.

ನಾನು ಈಗಲೇ ಬರಲಾರೆ. ಇಲ್ಲಿ ಸ್ವಲ್ಪ ಕೆಲಸವಿದೆ, ಈ ತಿಂಗಳು ಕಳೆಯಲಿ.

ಗಂಗಕ್ಕ


ಮಕ್ತಲ
೧೦ ಜೂನ್ ೨೦೧೪

ಅಕ್ಕಾ,

ಜಗಳವಾಡಬೇಡ ಎಂದು ನೀನು ಬರೆದ ಕಾಗದ ಜಗಳವಾದ ಮೇಲೆ ಬಂತು.

ಶುಕ್ರವಾರ ಐದನೇ ದಿನ. ಮಠದ ಅಯ್ಯನವರು ಬಂದು ಲಿಂಗ ಕಟ್ಟಿದರು. ಅವ್ವ ನಮಗೆಲ್ಲ ಕಟ್ಟಿಸಿದ ಹಾಗೇ ಬಿಳಿ ವಸ್ತ್ರದಲ್ಲಿ ಸುತ್ತಿ ಬಲರಟ್ಟೆಗೇ ಕಟ್ಟಿಸಿದ್ದೇನೆ. ತೊಟ್ಟಿಲಿಗೆ ಹಾಕುವ ತನಕ ಅದು ಬಿಚ್ಚುವಂತಿಲ್ಲ, ನಮ್ಮ ಮನೆತನದ ಪದ್ಧತಿ ನಿನಗೂ ಗೊತ್ತು. ಸೂಜಿಯಷ್ಟು ತೆಳ್ಳಗಿನ ಆ ರಟ್ಟೆಯಲ್ಲಿ ಲಿಂಗ ಕಟ್ಟಿದ ಮೇಲೆ ಒಂದು ದಾರಕ್ಕೂ ಜಾಗವಿಲ್ಲ. ನಿನ್ನೆ ನಾರಾಯಣಪೇಟೆಗೆ ಹೋದರೆ ರೇಷ್ಮಾ ಅದನ್ನೇ ಹಿಡಿದಳು.

'ಎರಡು ಮಿನಿಟು ಬಿಚ್ಚಿಕೊಡ್ರಿ ಅಮ್ಮಾ, ನೋಡಿದ ಮ್ಯಾಲೆ ನೀವ ಕಟ್ಟಿಬಿಡ್ರಿ.'

'ಬಿಚ್ಚಾಕ ಬರಂಗಿಲ್ಲ. ಎಡಗೈ ಐತಲ್ಲ, ಅದರಾಗ ನೋಡು.'

'ಬಲಗೈದ ಬೇಕ್ರಿ. ಮೊದಲನೇ ಸಲ ಬಲಗೈದಾಗ ನೋಡೇವಿ, ಎಡಗೈದು ಒಮ್ಮೊಮ್ಮೆ ಬ್ಯಾರೆ ಬರ್ತೈತಿ.'

'ಒಂದ ಕೂಸಿಗೆ ಎರಡು ಕೈದಾಗ ಎರಡು ಬಿಪಿ ಇರತಾವೇನು?'

ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ನೋಡಿಸದೆಯೇ ಎದ್ದು ಬಂದೆ. ಐಶ್ವರ್ಯ ಬಸ್ಸಿನಲ್ಲಿ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ಅಳಿಯ ವಿನಯ ರಾಯಚೂರಿನಿಂದ ಫೋನು ಮಾಡಿ ನೋಡಿಸಲೇಬೇಕೆಂದು ಹಟ ಹಿಡಿದಿದ್ದಾನೆ. ಎಲ್ಲರಿಗೂ ನಾನೇ ಕೆಟ್ಟವಳು. ಈಗ ನೀನೇ ತೀರ್ಪು ಹೇಳು. ನೀನು ಹೇಳಿದರೆ ಮಗಳೂ ಅಳಿಯನೂ ಕೇಳುತ್ತಾರೆ.

ಚನ್ನಿ


ಗದ್ವಾಲ
೧೨ ಜೂನ್ ೨೦೧೪

ಚನ್ನಿ,

ನಿನ್ನ ಹಟ ನನಗೆ ಹೊಸದಲ್ಲ. ಆರು ವರ್ಷದವಳಿದ್ದಾಗ ಶೇಂಗಾ ಚೀಲದ ಮೇಲೆ ಕೂತು ಮಧ್ಯಾಹ್ನದ ತನಕ ಇಳಿಯದವಳು ನೀನು. ಆಗಲೂ ಉಪಾಯ ಹೂಡಿ ಇಳಿಸಿದ್ದು ನಾನೇ, ಈಗಲೂ ನಾನೇ ಇಳಿಸಬೇಕು.

ಬಹಳ ಸುಲಭವಿದೆ. ರಟ್ಟೆ ಬೇಡ, ಕಾಲಿನಲ್ಲಿ ಅಳೆಯಲಿ. ಪಟ್ಟಿಯನ್ನು ಕೂಸಿನ ಮೀನಖಂಡಕ್ಕೆ ಸುತ್ತಿದರಾಯಿತು. ನನ್ನ ಕಾಲದಲ್ಲಿ ಸುಟ್ಟಗಾಯದ ಮಕ್ಕಳಿಗೆ, ಕೈಗೆ ಸಲೈನು ಚುಚ್ಚಿದ ಮಕ್ಕಳಿಗೆ ಎಷ್ಟೋ ಸಲ ಹಾಗೆ ಅಳೆದಿದ್ದೇನೆ. ಕೂಸಿನಲ್ಲಿ ಕೈಗೂ ಕಾಲಿಗೂ ದೊಡ್ಡ ವ್ಯತ್ಯಾಸವಿರುವುದಿಲ್ಲ. ಲಿಂಗವೂ ಉಳಿಯಿತು, ಬಿಪಿಯೂ ಗೊತ್ತಾಯಿತು. ರೇಷ್ಮಾ ಒಪ್ಪದಿದ್ದರೆ ಈ ಕಾಗದ ಓದಿ ತೋರಿಸು. ಹಳೆಯ ನರ್ಸಮ್ಮ ಬರೆದಿದ್ದಾಳೆ ಎಂದರೆ ಒಪ್ಪುತ್ತಾಳೆ.

ನೋಡು, ಗದ್ವಾಲದಲ್ಲಿ ಕೂತು ಮಕ್ತಲದ ಜಗಳ ಬಿಡಿಸಿದೆ. ಕಿವಿ ಹೋದರೇನು, ತಲೆ ಇನ್ನೂ ಇದೆ.

ಗಂಗಕ್ಕ


ಮಕ್ತಲ
೧೭ ಜೂನ್ ೨೦೧೪

ಅಕ್ಕಾ, ನನ್ನ ಬಂಗಾರದ ಅಕ್ಕಾ,

ಇಳಿಯಿತು. ನೂರಾ ಆರು ಇದ್ದದ್ದು ಅರವತ್ತೆಂಟಕ್ಕೆ ಇಳಿಯಿತು. ನಿನ್ನ ಕಾಗದ ಮಾಡಿದ ಕೆಲಸ ಮೊದಲು ಹೇಳುತ್ತೇನೆ. ರೇಷ್ಮಾ ಕಾಲು ಎಂದಕೂಡಲೇ 'ಅದು ಸರಿ ಆಗಂಗಿಲ್ರಿ' ಎಂದು ಶುರುಮಾಡಿದಳು. ನಾನು ಕಾಗದ ತೆಗೆದು, ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದೆ. ಮೂವತ್ತಾರು ವರ್ಷದ ಸರ್ವಿಸು ಎಂಬುದನ್ನು ನಾನೇ ಸೇರಿಸಿದೆ. ಹುಡುಗಿ 'ದೊಡ್ಡೋರು ಹೇಳ್ಯಾರ ಅಂದ್ರ ನೋಡತೀನಿ ಬಿಡ್ರಿ' ಎಂದು ಕಾಲಿಗೆ ಸುತ್ತಿದಳು. ಅರವತ್ತೆಂಟು. ಡಾಕ್ಟರು ಈ ವಾರ ಊರಲ್ಲಿಲ್ಲ. ಅವಳೇ ಪುಸ್ತಕದಲ್ಲಿ ಬರೆದುಕೊಂಡಳು.

ನೀನು ಏನಾದರೂ ಅನ್ನು, ನನಗೆ ಗೊತ್ತು ಇದು ಯಾರ ಕೆಲಸ ಎಂದು. ಲಿಂಗ ಇಲ್ಲದಾಗ ನೂರಾ ಆರು, ಲಿಂಗ ಕಟ್ಟಿದ ಮೇಲೆ ಅರವತ್ತೆಂಟು. ಬಸ್‌ಸ್ಟ್ಯಾಂಡಿನಿಂದ ಮನೆಯ ತನಕ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ನಮ್ಮ ಮನೆಯವರು ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಕೊಟ್ಟರು. ಶೇಂಗಾ ಮಾರಲು ಬಂದ ರೈತನೊಬ್ಬ, ಹೊಸ ರಾಜ್ಯದ ಸಕ್ಕರೆ ಇನ್ನೂ ಮುಗಿದಿಲ್ಲವೇ ಎಂದು ಕೇಳಿದನಂತೆ. 'ಅದು ಮುಗೀತು, ಇದು ನಮ್ಮ ಮಮ್ಮಗಳ ಬಿಪಿ ಇಳಿದ ಸಕ್ಕರಿ' ಎಂದರಂತೆ. ಈ ಮಹಾಂತಯ್ಯನವರಿಗೆ ಇಷ್ಟು ಮಾತು ಬರುತ್ತದೆ ಎಂದು ಮೂವತ್ತೈದು ವರ್ಷದ ಸಂಸಾರದಲ್ಲಿ ನನಗೇ ಗೊತ್ತಿರಲಿಲ್ಲ.

ಚನ್ನಿ


ಗದ್ವಾಲ
೨೦ ಜೂನ್ ೨೦೧೪

ಚನ್ನಿ,

ಓದಿ ಹಿಗ್ಗಿಹೋದೆ. ಲಿಂಗದ ಪಾಲು ಲಿಂಗಕ್ಕಿರಲಿ, ನನ್ನ ಪಾಲಿನ ಸಕ್ಕರೆಯನ್ನು ನನಗೆ ಕಳಿಸು. ನಾನು ಮೊದಲೇ ಹೇಳಿರಲಿಲ್ಲವೇ, ಪಟಾಕಿಗೆ ಬೆಚ್ಚಿದ್ದು ಎಂದು? ಹಂಪಮ್ಮನಿಗೂ ಹೇಳಿದೆ. ಈಗ ಅವಳ ಸೊಸೆಯಂದಿರು ಮಕ್ಕಳನ್ನು ತಂದು ನನ್ನ ಮುಂದೆ ಮಲಗಿಸುತ್ತಿದ್ದಾರೆ, ನಾನು ನಾಡಿ ಹಿಡಿದು ನೋಡುತ್ತಿದ್ದೇನೆ. ಕಿವಿ ಬೇಡದ ವಿದ್ಯೆ ಅದೊಂದೇ ಉಳಿದಿದೆ ನನಗೆ.

ಕೂಸಿನ ಬಗ್ಗೆ ಇನ್ನೂ ಬರೆ. ಏನು ಮಾಡುತ್ತದೆ, ಹೇಗೆ ನೋಡುತ್ತದೆ, ಎಷ್ಟು ಕುಡಿಯುತ್ತದೆ, ಎಲ್ಲ ಬರೆ.

ಗಂಗಕ್ಕ


ಮಕ್ತಲ
೨೪ ಜೂನ್ ೨೦೧೪

ಅಕ್ಕಾ,

ನಿನ್ನೆ ಇನ್ನೂ ಇಳಿದಿದೆ. ಅರವತ್ತು. ರೇಷ್ಮಾ ಮುಖ ಸಣ್ಣಗೆ ಮಾಡಿಕೊಂಡು 'ಡಾಕ್ಟರು ಬರೋ ಸೋಮವಾರ ಇರತಾರ, ಅವರಿಗೆ ಒಮ್ಮಿ ತೋರಸ್ರಿ' ಎಂದಳು. ಸೋತವರ ಮುಖ ಹಾಗೇ ಇರುತ್ತದೆ. ನಾನು ದೊಡ್ಡ ಮನಸ್ಸು ಮಾಡಿ ತೊಟ್ಟಿಲ ಕಾರ್ಯಕ್ಕೆ ಅವಳನ್ನೂ ಕರೆದೆ. ಜುಲೈ ಎರಡಕ್ಕೆ ಇಟ್ಟುಕೊಂಡಿದ್ದೇವೆ, ಅಂದಿಗೆ ತಿಂಗಳು ತುಂಬುತ್ತದೆ. ನೀನು ಏನೇ ಕೆಲಸವಿದ್ದರೂ ಬಿಟ್ಟು ಬರಬೇಕು. ಎರಡು ತಾಸಿನ ಹಾದಿಗೆ ಮೂರು ವಾರದಿಂದ ನೆಪ ಹೇಳುತ್ತಿದ್ದೀಯ, ಹೊರಗೆ ಹೇಳಿಲ್ಲ, ಆದರೆ ನನಗೆ ನೋವಾಗಿದೆ.

ಕೂಸಿನ ಸುದ್ದಿ ಕೇಳಿದ್ದೀಯ. ಬಹಳ ಸೌಮ್ಯ. ಮೊದಲಿನ ಹಾಗೆ ಕಿರುಚುವುದಿಲ್ಲ, ನಾಲ್ಕು ಗುಟುಕು ಕುಡಿದು ನಿದ್ದೆಗೆ ಜಾರುತ್ತದೆ. ಕುಡಿಯುವಾಗ ಹಣೆಯೆಲ್ಲ ಬೆವರು, ಐಶ್ವರ್ಯಳ ಸೆರಗು ಒದ್ದೆಯಾಗುತ್ತದೆ. ಏನು ಮಾಡುವುದು, ಕರೆಂಟು ದಿನಕ್ಕೆ ಎಂಟು ತಾಸು ಇರುವುದಿಲ್ಲ, ಫೋನುಗಳೂ ಸತ್ತು ಬಿದ್ದಿರುತ್ತವೆ. ಮೇಲೆ ಅಷ್ಟು ಬೆವತರೂ ಪಾದ ಮಾತ್ರ ಯಾವಾಗಲೂ ತಣ್ಣಗೆ. ಹಿಂದಿನ ಓಣಿಯ ಕುರಿಯವರ ಮೊಗುಲಮ್ಮ ನೋಡಿ, ತಾನೇ ಉಣ್ಣೆ ನೂತು ಎರಡು ಕಾಲುಚೀಲ ಹೆಣೆದು ತಂದಳು. ಬೀರಪ್ಪನ ಗುಡಿಯಲ್ಲಿ ಇಟ್ಟು ಭಂಡಾರದ ಅರಿಶಿನ ಹಚ್ಚಿ ತಂದಿದ್ದಾಳೆ. ಹಳದಿ ಕಾಲುಚೀಲದ ಆ ಎರಡು ಕಾಲು ನೋಡಲು ನೀನು ಬರಲೇಬೇಕು.

ಚನ್ನಿ


ಗದ್ವಾಲ
೨೬ ಜೂನ್ ೨೦೧೪, ಗುರುವಾರ ಬೆಳಗ್ಗೆ

ಚನ್ನಿ,

ಈ ಕಾಗದವನ್ನು ನಾರಾಯಣಪೇಟೆ ಬಸ್ಸಿನ ಕಂಡಕ್ಟರು ಅಂಜಯ್ಯನ ಕೈಗೆ ಕೊಡಿಸುತ್ತಿದ್ದೇನೆ. ಟಪಾಲಿನ ದಾರಿ ಕಾಯಲಾರೆ. ಹಂಪಮ್ಮ ನಿಮ್ಮ ಮನೆಯ ಎರಡೂ ಫೋನಿಗೆ ಹತ್ತು ಸಲ ಮಾಡಿದಳು, ಎರಡೂ ಬಂದ್ ಇವೆಯಂತೆ. ಓದಿ ಮುಗಿಸುವ ತನಕ ಸಿಟ್ಟಿಗೇಳಬೇಡ.

ಮಕ್ತಲದ ಜೂನ್ ಸೆಕೆಯಲ್ಲಿ ಹಾಲು ಕುಡಿಯುವಾಗ ಬೆವರುವ ಕೂಸಿನ ಪಾದ ತಣ್ಣಗಿರಕೂಡದು. ನಾಲ್ಕು ಗುಟುಕಿಗೆ ಸುಸ್ತಾಗಿ ಮಲಗುವುದು ಸೌಮ್ಯ ಸ್ವಭಾವವಲ್ಲ. ನಾನು ಮೊದಲ ಕಾಗದದಲ್ಲಿ ಬರೆದಿದ್ದೆನಲ್ಲ, ಹೃದಯದಿಂದ ಹೊರಡುವ ನಾಳ ಕಿರಿದಾಗಿರುತ್ತದೆ ಎಂದು. ಕಿರಿದಾಗುವ ಜಾಗ ಕೈಗೆ ಹೋಗುವ ಕವಲು ದಾಟಿದ ಮೇಲೆ, ಕಾಲಿನ ಕಡೆಗೆ ಇಳಿಯುವಲ್ಲಿ ಇರುತ್ತದೆ. ನಮ್ಮ ಜೂರಾಲ ಕಾಲುವೆಯ ತೂಬು ಅರ್ಧ ಮುಚ್ಚಿಕೊಂಡರೆ ಮೇಲಿನ ಹೊಲಕ್ಕೆ ನೀರು ಉಕ್ಕುತ್ತದೆ, ಕೆಳಗಿನ ಹೊಲ ಒಣಗುತ್ತದೆ. ನಾವು ಕೆಳಗಿನ ಹೊಲ ನೋಡಿ ನೀರು ಇಳಿಯಿತೆಂದು ಸಕ್ಕರೆ ಹಂಚಿದೆವು. ಕೂಸಿನ ಬಿಪಿ ಇಳಿದೇ ಇರಲಿಕ್ಕಿಲ್ಲ, ಕಾಲಿಗೆ ರಕ್ತವೇ ಹೋಗದೆ ಇರಬಹುದು. ರೇಷ್ಮಾ ಬಲಗೈ ಕೇಳಿದ್ದು ಸರಿ. ಕಾಲಿನಲ್ಲಿ ಅಳೆಯಲು ಹೇಳಿದ್ದು ನಾನು. ತಪ್ಪು ನನ್ನದು.

ಈಗ ಹೀಗೆ ಮಾಡು. ಕೂಸಿನ ಬಲಗೈಯ ಮೊಣಕೈ ಮಡಿಕೆಯ ಒಳಬದಿಗೆ ಒಂದು ಬೆರಳಿಡು, ತೊಡೆಸಂದಿಗೆ ಇನ್ನೊಂದು ಕೈಯ ಬೆರಳಿಡು. ಒತ್ತಬೇಡ, ಸುಮ್ಮನೆ ಇಟ್ಟು ಕಾಯಿ. ಎರಡೂ ಕಡೆ ಒಂದೇ ಸಮ ಬಡಿದರೆ ನನ್ನನ್ನು ಮುದಿ ಮರುಳಿ ಎಂದು ಬೈದು ಸುಮ್ಮನಾಗು. ಮೇಲೆ ಬಡಿದು ಕೆಳಗೆ ಸಿಗದಿದ್ದರೆ ಸೋಮವಾರ ಕಾಯಬೇಡ, ತೊಟ್ಟಿಲ ದಿನ ಕಾಯಬೇಡ. ಅಂಜಯ್ಯನದೇ ಬಸ್ಸು ಎರಡು ಗಂಟೆಗೆ ಮತ್ತೆ ಮಕ್ತಲದ ಮೇಲೆ ನಾರಾಯಣಪೇಟೆಗೆ ಹೋಗುತ್ತದೆ. ಅದರೊಳಗೆ ನೀವು ಕೂತಿರಬೇಕು.

ಲಿಂಗ ಬಿಚ್ಚು, ಚನ್ನಿ. ಪಾಪವಿದ್ದರೆ ನನ್ನ ತಲೆಗೆ ಬರಲಿ.

ಗಂಗಕ್ಕ


ಹೈದರಾಬಾದ್
೨೯ ಜೂನ್ ೨೦೧೪

ಅಕ್ಕಾ,

ಮಕ್ಕಳ ದವಾಖಾನೆಯ ಮೂರನೇ ಅಂತಸ್ತಿನಲ್ಲಿ ಬಾಗಿಲ ಹೊರಗೆ ಕೂತು ಬರೆಯುತ್ತಿದ್ದೇನೆ. ಕೂಸು ಒಳಗಿದೆ. ಬದುಕಿದೆ. ಮೊದಲು ಅದನ್ನು ತಿಳಿದುಕೋ, ಆಮೇಲೆ ಉಳಿದದ್ದು ಓದು.

ಅಂಜಯ್ಯ ಬಸ್ಸು ನಿಲ್ಲಿಸಿ ಓಡಿಬಂದು ಕಾಗದ ಕೊಟ್ಟ, ಡ್ರೈವರು ಹಾರನ್ ಒತ್ತುತ್ತಲೇ ಇದ್ದ. ನಿಂತಲ್ಲೇ ಓದಿದೆ. ಸುಳ್ಳು ಹೇಳುವುದಿಲ್ಲ, ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ನೋಡಲು ಬರದವಳು ಅಲ್ಲಿ ಕೂತು ನನ್ನ ಮೊಮ್ಮಗಳಿಗೆ ರೋಗ ಬರೆದು ಕಳಿಸುತ್ತಾಳೆ ಎಂದು ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಕೆಳಗೆ ತುರುಕಿದೆ. ರೊಟ್ಟಿ ಬಡಿಯಲು ಕೂತೆ. ಎರಡು ರೊಟ್ಟಿ ಸುಟ್ಟುಹೋದವು.

ಆಗ ಮೊಗುಲಮ್ಮ ಎರಡು ತಿಂಗಳ ಮೊಮ್ಮಗನನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ನನಗೇನನ್ನಿಸಿತೋ, 'ಇಲ್ಲಿ ಮಲಗಸು ಅವನ್ನ' ಎಂದು ಚಾಪೆ ಹಾಸಿದೆ. ನೀನು ಬರೆದ ಹಾಗೇ ಅವನ ತೊಡೆಸಂದಿಗೆ ಬೆರಳಿಟ್ಟೆ. ಇಡುತ್ತಲೇ ಸಿಕ್ಕಿತು, ಟಪಟಪ ಹೊಡೆಯುತ್ತಿತ್ತು. ಆಮೇಲೆ ಒಳಗಿನಿಂದ ನಮ್ಮದನ್ನು ತಂದು ಪಕ್ಕದಲ್ಲಿ ಮಲಗಿಸಿದೆ. ಮೊಣಕೈಯಲ್ಲಿ ಜೋರಾಗಿ ಬಡಿಯುತ್ತಿತ್ತು. ತೊಡೆಸಂದಿನಲ್ಲಿ ಏನೂ ಇರಲಿಲ್ಲ. ಬೆರಳು ಬದಲಿಸಿದೆ, ಕೈ ಬದಲಿಸಿದೆ, ಉಸಿರು ಹಿಡಿದು ಕೂತೆ. ಮೊಗುಲಮ್ಮನೂ ಇಟ್ಟು ನೋಡಿದಳು. 'ಅವ್ವಾ, ನಮ್ ಹುಡುಗುಂದು ಕುರಿಮರಿ ಎದಿ ಬಡದಂಗ ಬಡೀತೈತಿ. ಇದರದ್ಯಾಕ ಹಿಂಗ' ಎಂದಳು.

ಲಿಂಗವನ್ನು ನಾನೇ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದೆ. ಬಿಚ್ಚಿ ಐಶ್ವರ್ಯಳ ಕೊರಳಲ್ಲಿ ಅವಳ ಲಿಂಗದ ಜೊತೆ ಕಟ್ಟಿದೆ. ಎರಡು ಗಂಟೆಯ ಬಸ್ಸಿಗೆ ಕೈ ತೋರಿಸಿದಾಗ ಅಂಜಯ್ಯ ಮುಂದಿನ ಸೀಟು ಖಾಲಿ ಮಾಡಿಸಿದ.

ರೇಷ್ಮಾ ಬಲಗೈಗೆ ಪಟ್ಟಿ ಸುತ್ತಿದಳು. ನೂರಾ ಇಪ್ಪತ್ತೆರಡು. ಕಾಲಿಗೆ ಸುತ್ತಿದಳು. ಐವತ್ತೆಂಟು. ಅವಳ ಪುಸ್ತಕದಲ್ಲಿ ಹಿಂದಿನ ಎರಡೂ ಸಲದ ಪಕ್ಕ ಕೆಂಪು ಶಾಯಿಯಲ್ಲಿ 'ಕಾಲು, ಬಲಗೈ ನೋಡಿಲ್ಲ' ಎಂದು ಬರೆದಿತ್ತು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಂಬುಲೆನ್ಸಿನಲ್ಲಿ ಹೈದರಾಬಾದಿನ ತನಕ ಬಂದಳು, ದಾರಿಯುದ್ದ ಕೂಸಿನ ಮೂಗಿಗೆ ಗಾಳಿಯ ನಳಿಗೆ ಹಿಡಿದುಕೊಂಡೇ ಇದ್ದಳು.

ನೀನು ಹೇಳಿದ್ದೇ ರೋಗ. ನಾಳ ಪೂರ್ತಿ ಮುಚ್ಚದಂತೆ ಔಷಧ ಹನಿಸುತ್ತಿದ್ದಾರೆ. ಬುಧವಾರ, ತೊಟ್ಟಿಲು ಇಟ್ಟುಕೊಂಡಿದ್ದ ದಿನವೇ, ಕಿರಿದಾದ ತುಂಡು ಕತ್ತರಿಸಿ ಜೋಡಿಸುತ್ತಾರಂತೆ. ಇನ್ನು ಎರಡು ದಿನ ತಡವಾಗಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು.

ತಪ್ಪು ನಿನ್ನದು ಎಂದು ಬರೆದಿದ್ದೀಯ. ನನ್ನದನ್ನೂ ಕೇಳು. ಐದನೇ ದಿನ ಅಯ್ಯನವರು 'ರಟ್ಟಿ ಬಾಳ ಸಣ್ಣದೈತಿ, ತಾಯಿ ಕೊರಳಾಗ ಕಟ್ಟವಾ, ಕೂಸಿನ ಮೈಮ್ಯಾಲ ಇದ್ದಂಗ ಲೆಕ್ಕ' ಎಂದು ತಾವಾಗಿಯೇ ಹೇಳಿದ್ದರು. ನಿನಗೆ ಅದನ್ನು ಬರೆಯಲಿಲ್ಲ. ರಟ್ಟೆಗೇ ಬೇಕೆಂದವಳು ನಾನು. ನನ್ನ ಮೊದಲನೆಯ ಗಂಡುಕೂಸು ನಿನಗೆ ನೆನಪಿರಬೇಕು, ಆಗ ನೀನು ಅಲಂಪುರದಲ್ಲಿ ಕೆಲಸದಲ್ಲಿದ್ದೆ. ಎಂಟನೇ ದಿನ ನೀರೆರೆಯುವಾಗ ಅವನ ಲಿಂಗ ಬಿಚ್ಚಿ ಗೂಡಿನಲ್ಲಿಟ್ಟೆ, ಕಟ್ಟಲು ಮರೆತೆ. ಹನ್ನೊಂದನೇ ದಿನ ಅವನು ಇಲ್ಲ. ಮೂವತ್ತಮೂರು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಕೊನೆಯ ದಿನ ಅವನ ಪಾದಗಳೂ ತಣ್ಣಗಿದ್ದವು, ಅಕ್ಕಾ. ಅದೂ ಇದೇ ರೋಗವಾಗಿತ್ತೇನು?

ಚನ್ನಿ


ಗದ್ವಾಲ
೧ ಜುಲೈ ೨೦೧೪

ನನ್ನ ಚನ್ನಿ,

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಗೊತ್ತಿಲ್ಲ. ಆಗ ನಾವು ಕೂಸುಗಳ ಬಿಪಿ ನೋಡುತ್ತಲೇ ಇರಲಿಲ್ಲ, ಅಷ್ಟು ಸಣ್ಣ ಪಟ್ಟಿಯೇ ನಮ್ಮಲ್ಲಿರಲಿಲ್ಲ. ಯಾವ ರೋಗವೆಂದು ನಾನು ಹೇಳಲಾರೆ. ಒಂದು ಮಾತು ಮಾತ್ರ ಆಣೆ ಇಟ್ಟು ಹೇಳುತ್ತೇನೆ: ಗೂಡಿನಲ್ಲಿ ಇಟ್ಟು ಮರೆತ ಲಿಂಗದಿಂದ ಅವನು ಹೋಗಲಿಲ್ಲ. ಮೂವತ್ತಮೂರು ವರ್ಷ ಇದನ್ನು ಒಬ್ಬಳೇ ಹೊತ್ತೆಯಲ್ಲ, ನನ್ನ ಕಿವಿ ಚೆನ್ನಾಗಿದ್ದ ಕಾಲದಲ್ಲಿ ಯಾಕೆ ಹೇಳಲಿಲ್ಲ?

ಈಗ ನನ್ನದು. ಏಪ್ರಿಲ್ ಕೊನೆಯಲ್ಲಿ ಕೋಟೆಯ ಹತ್ತಿರ ರಸ್ತೆ ದಾಟುವಾಗ ಹಿಂದಿನಿಂದ ಬಂದ ಆಟೋದ ಸದ್ದು ನನಗೆ ಕೇಳಿಸಲಿಲ್ಲ. ಎಡಗಾಲು ಮುರಿಯಿತು. ತೊಡೆಯ ತನಕ ಪ್ಲಾಸ್ಟರು ಹಾಕಿದ್ದಾರೆ. ತುಂಬಿದ ಬಸುರಿಯಿದ್ದ ಮನೆಗೆ ಇದನ್ನು ಬರೆಯುವುದು ಬೇಡವೆಂದುಕೊಂಡೆ, ಆಮೇಲೆ ನಿಮ್ಮ ಸಂಭ್ರಮದಲ್ಲಿ ಬರೆಯುವುದು ಬೇಡವೆಂದುಕೊಂಡೆ. ಮಂಚದ ಮೇಲೆ ಬಿದ್ದವಳಿಗೆ ನಿನ್ನ ಕಾಗದಗಳೇ ಹಬ್ಬವಾಗಿದ್ದವು. ಆ ಹಬ್ಬ ಕೆಡಬಾರದು, ನಿನಗೆ ನಾನು ಬೇಕಾದವಳು ಅನ್ನಿಸಬೇಕು ಎಂಬ ಆಸೆಗೆ ಕಾಲಿನಲ್ಲಿ ಅಳೆಯಿರಿ ಎಂದು ಬರೆದುಕೊಟ್ಟೆ. ಕೂಸನ್ನು ಕಣ್ಣಿಂದ ನೋಡದೆ, ಮುಟ್ಟದೆ ಹಾಗೆ ಬರೆಯುವ ಹಕ್ಕು ನನಗಿರಲಿಲ್ಲ.

ರೇಷ್ಮಾಳಿಗೆ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಓದಿ ಹೇಳು ಅವಳಿಗೆ, ಈ ಸಲವೂ ಎಲ್ಲರಿಗೂ ಕೇಳುವಂತೆ. ಇನ್ನು ಮೇಲೆ ಯಾವ ಹಳೆಯ ನರ್ಸಮ್ಮನ ಕಾಗದ ಬಂದರೂ ತನ್ನ ಕೈಯ ಪಟ್ಟಿಯನ್ನೇ ನಂಬಲಿ ಎಂದು ಬರೆದಿದ್ದೇನೆ.

ನಾಳೆ ಬುಧವಾರ. ನನಗೆ ಬರೆಯಲು ಇನ್ನೇನೂ ತೋಚುತ್ತಿಲ್ಲ.

ಗಂಗಕ್ಕ


ಹೈದರಾಬಾದ್
೫ ಜುಲೈ ೨೦೧೪

ಅಕ್ಕಾ,

ಕಾಲು ಬೆಚ್ಚಗಾದವು.

ತಾರು ಹೊಡೆಯುವ ಕಾಲವಾಗಿದ್ದರೆ ಇಷ್ಟನ್ನೇ ಹೊಡೆಯುತ್ತಿದ್ದೆ. ಹೋದ ವರ್ಷ ಅದನ್ನೂ ನಿಲ್ಲಿಸಿಬಿಟ್ಟರು. ಹಂಪಮ್ಮನಿಗೆ ಫೋನು ಮಾಡಿಸಿದ್ದೆ, ಅವಳು ನಿನಗೆ ಪಾಟಿಯ ಮೇಲೆ ಬರೆದು ತೋರಿಸಿದಳಂತೆ, ನೀನು ಮಂಚದ ಮೇಲೆ ಎದ್ದು ಕೂತು ಪಾಟಿಯನ್ನೇ ಎದೆಗೆ ಅವಚಿಕೊಂಡೆಯಂತೆ. ಆದರೂ ಕೈಯಾರೆ ಬರೆಯದೆ ನನಗೆ ಸಮಾಧಾನವಿಲ್ಲ.

ಬುಧವಾರ ಬೆಳಗ್ಗೆ ಒಳಗೆ ಒಯ್ದರು, ಮಧ್ಯಾಹ್ನ ಹೊರಗೆ ತಂದರು. ಎಡಬಗಲಿನ ಕೆಳಗೆ ನನ್ನ ಕಿರುಬೆರಳಿನಷ್ಟು ಉದ್ದ ಹೊಲಿಗೆ ಇದೆ. ಕೈಗೂ ಕಾಲಿಗೂ ಬಿಪಿ ಹೆಚ್ಚು ಕಡಿಮೆ ಒಂದೇ ಆಗಿದೆ. ಇನ್ನೂ ಸ್ವಲ್ಪ ಏರೇ ಇದೆಯಂತೆ, ಕೆಲವು ದಿನ ಔಷಧ ಕೊಡಬೇಕಂತೆ. ನಿನ್ನೆಯಿಂದ ಹಾಲಿಗೆ ಕಿರುಚುತ್ತಿದೆ. ಆ ಕಿರುಚಾಟಕ್ಕೆ ಪಕ್ಕದ ಮಂಚದವರು ಬೇಸರಪಟ್ಟರೆ ನಮ್ಮ ಮನೆಯವರು 'ಕಿರುಚಲಿ ಬಿಡ್ರಿ, ಒಂದು ತಿಂಗಳದ್ದು ಬಾಕಿ ಐತಿ' ಎನ್ನುತ್ತಾರೆ. ಇಲ್ಲೂ ಸಕ್ಕರೆ ಹಂಚಲು ಹೊರಟಿದ್ದರು. ಬಲಗೈಯ ಸಂಖ್ಯೆ ನೋಡಿಕೊಂಡು ಹಂಚಿರಿ ಎಂದೆ.

ನಿನ್ನ ಕಾಗದವನ್ನು ರೇಷ್ಮಾಳಿಗೆ ಫೋನಿನಲ್ಲೇ ಓದಿದೆ, ವರಾಂಡದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ. ಅವಳು ಅತ್ತಳು. ನಾನೂ ಅತ್ತೆ. ತೊಟ್ಟಿಲಿಗೆ ಕೂಸನ್ನು ಮೊದಲು ಇಳಿಸುವ ಕೈ ಅವಳದೇ ಎಂದು ಹೇಳಿದ್ದೇನೆ.

ತೊಟ್ಟಿಲ ದಿನವನ್ನು ಅಯ್ಯನವರಿಗೆ ಕೇಳುವುದಿಲ್ಲ, ನಿನಗೆ ಕೇಳುತ್ತೇನೆ. ನಿನ್ನ ಪ್ಲಾಸ್ಟರು ಯಾವತ್ತು ಬಿಚ್ಚುತ್ತಾರೆ? ಅದರ ಮರುದಿನವೇ ತೊಟ್ಟಿಲು. ಅಲ್ಲಿಯ ತನಕ ಹೆಸರಿಲ್ಲದೆ ಇರಲಿ. ನಾನೇ ಅಂಜಯ್ಯನ ಬಸ್ಸಿನಲ್ಲಿ ಬಂದು ನಿನ್ನನ್ನು ಕೈಹಿಡಿದು ರಸ್ತೆ ದಾಟಿಸಿ ಕರೆದುಕೊಂಡು ಹೋಗುತ್ತೇನೆ.

ಕೂಸಿನ ಲಿಂಗ ಐಶ್ವರ್ಯಳ ಕೊರಳಲ್ಲಿದೆ. ಬಲರಟ್ಟೆ ಖಾಲಿ ಇದೆ. ಮೂರು ತಾಸಿಗೊಮ್ಮೆ ಇಲ್ಲಿಯ ನರ್ಸು ಅಲ್ಲಿ ಪಟ್ಟಿ ಸುತ್ತುತ್ತಾಳೆ, ಅವಳು ಅತ್ತ ಹೋದಮೇಲೆ ನಾನು ತೊಡೆಸಂದಿಗೆ ಬೆರಳಿಟ್ಟು ನೋಡುತ್ತೇನೆ. ಪ್ರತಿ ಸಲ ಸಿಗುತ್ತದೆ. ಮೊಗುಲಮ್ಮನ ಮೊಮ್ಮಗನದಷ್ಟು ಜೋರಿಲ್ಲ, ಆದರೆ ಸಿಗುತ್ತದೆ.

ನೀನು ಬಂದಾಗ ಮೂಗು ಆಮೇಲೆ ನೋಡು. ಮೊದಲು ಅಲ್ಲಿ ಬೆರಳಿಡು. ಅದನ್ನು ಕೇಳಲು ಕಿವಿ ಬೇಕಾಗಿಲ್ಲ.

ನಿನ್ನ ಚನ್ನಿ